ಊರಮ್ಮನ ಹೆಸರಿನ ಬಂದೂಕು

ಗಂಡನ ಕಾರ್ಯ ಮುಗಿದ ವಾರದಲ್ಲೇ ಬುಕ್ಕಸಾಗರದ ಊರಮ್ಮ ಎಂಬುವರು ಹೊಸಪೇಟೆಯ ನನ್ನ ಆಫೀಸಿಗೆ ಬಂದರು. ನಾನು ವಕೀಲೆ, ಹೆಸರು ಸುಕನ್ಯಾ. ಕೋರ್ಟಿನ ಹಿಂದಿನ ಬೀದಿಯಲ್ಲಿ ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ ನನ್ನದು. ಹೊಲದ ತಕರಾರು, ಲಾರಿ ಅಪಘಾತದ ಕೇಸು, ಇಂಥವೇ ನನ್ನ ಹತ್ತಿರ ಬರುವುದು. ಬಂದೂಕಿನ ವಿಚಾರ ಅದುವರೆಗೆ ಬಂದಿರಲಿಲ್ಲ.

ಅರವತ್ತು ದಾಟಿದ ಹೆಂಗಸು. ಕಡ್ಡಿಯಂಥ ಮೈ, ದೊಡ್ಡ ಅಂಗೈ. ಮೆಟ್ಟಿಲು ಹತ್ತಿ ಬಂದ ದಣಿವು ಆರುವ ಮೊದಲೇ ಮಾತು ಶುರು ಮಾಡಿದರು.

"ವಕೀಲಮ್ಮಾರ, ನನ್ನ ಗಂಡನ ಬಂದೂಕು ಮನ್ಯಾಗೈತ್ರಿ. ಲೈಸೆನ್ಸ್ ಆತನ ಹೆಸರ್ಲೆ ಇತ್ತು. ಈಗ ಆತ ಇಲ್ಲ. ಅದನ್ನ ಮನ್ಯಾಗ ಇಟ್ಕೊಂಡ್ರ ತಪ್ಪಾಗ್ತೈತಲ್ರಿ?"

"ಹೌದಮ್ಮಾ. ಜಲ್ದಿ ಠಾಣೆಗೆ ಒಪ್ಪಿಸಬೇಕು."

"ಅದು ಗೊತ್ತೈತ್ರಿ. ಒಪ್ಪಿಸಾಕ ತಯಾರದೀನಿ. ಆದ್ರ ಮನಿಯಿಂದ ಠಾಣೆ ತನಕ ಅದನ್ನ ಯಾರು ಹಿಡಕೊಂಡು ಹೋಗ್ಬೇಕು? ನನ್ನ ಕೈಯಾಗ ಲೈಸೆನ್ಸ್ ಇಲ್ಲ. ದಾರ್ಯಾಗ ಯಾರಾದ್ರೂ ಹಿಡದ್ರ ಏನು ಹೇಳ್ಲಿ?"

ಅವರ ಎದುರಿಗೇ ಠಾಣೆಗೆ ಫೋನ್ ಮಾಡಿದೆ. ಸಬ್ ಇನ್‌ಸ್ಪೆಕ್ಟರ್ ವೀರೇಶ್, "ಬಂದೂಕು ಕೊಡ್ತೀನಂತ ತಾವಾಗಿ ಕೇಳಿದೋರನ್ನ ನಾನು ಇದುವರೆಗೂ ನೋಡಿಲ್ಲ ಮೇಡಂ. ನಾವು ಹುಡುಕ್ಕೊಂಡು ಹೋಗೋದೇ ಹೆಚ್ಚು. ಒಬ್ಬ ಪೇದೆಯನ್ನ ಮನೆಗೇ ಕಳಿಸ್ತೀನಿ, ಅವನ ಜೊತೆ ಬರಲಿ" ಎಂದರು.

ಮರುದಿನ ನಾನೂ ಹೋದೆ. ಆ ಹೆಂಗಸಿನ ಮನೆ ನೋಡಬೇಕು ಅನ್ನಿಸಿತ್ತು. ಕಂಪ್ಲಿ ರಸ್ತೆಯಿಂದ ಒಳಗೆ, ಬತ್ತದ ಗದ್ದೆಗಳ ಅಂಚಿಗೆ ಸುಣ್ಣ ಬಳಿದ ಮನೆ. ಊರಮ್ಮ ಪೇದೆಗೆ ನೀರು ಕೊಟ್ಟು ಕೂರಿಸಿ, ಒಳಗಿನ ಟ್ರಂಕಿನ ಬೀಗ ತೆಗೆದು, "ನೀನೇ ಎತ್ಕೋಪಾ. ನಾನು ಮುಟ್ಟಂಗಿಲ್ಲ" ಅಂದರು.

ಉದ್ದ ನಳಿಗೆಯ ಬಂದೂಕು. ಬಾಯಿಂದ ಮದ್ದು ತುಂಬಿ, ಗಜ ಎಂಬ ಉದ್ದ ಸರಳಿನಿಂದ ದಟ್ಟಿಸಿ, ಹಿಂದೆ ಕಿಡಿ ಹೊತ್ತಿಸುವ ಕೇಪು ಇಟ್ಟು ಹೊಡೆಯುವಂಥದ್ದು. ಊರಮ್ಮನ ಮಾವನ ಅಪ್ಪನ ಕಾಲದ್ದು. ನಳಿಗೆಯ ಮೇಲಿನ ಮುದ್ರೆ ತಿಕ್ಕಿ ತಿಕ್ಕಿ ಸವೆದು ಓದಲು ಬರುತ್ತಿರಲಿಲ್ಲ. ಹಿಡಿಯ ಮರ ಕೈಯ ಜಿಡ್ಡು ಕುಡಿದು ಕಪ್ಪಾಗಿತ್ತು. ಇಷ್ಟು ಹಳೆಯದಾದರೂ ಎಲ್ಲೂ ತುಕ್ಕಿನ ಚುಕ್ಕೆ ಇರಲಿಲ್ಲ.

ಅದಕ್ಕೆ ಕಾರಣ ಊರಮ್ಮನೇ. ಗಂಡ ಹೊನ್ನೂರಪ್ಪನಿಗೆ ನಡುವಯಸ್ಸಿನಲ್ಲೇ ಕಣ್ಣು ಮಂಜಾಯಿತು. ಗುಡ್ಡದಿಂದ ಇಳಿಯುವ ಹಂದಿಗಳು ಬಾಳೆಯ ಬುಡ ಅಗೆದು ಹೋಗುತ್ತಿದ್ದವು, ಒಮ್ಮೊಮ್ಮೆ ಕರಡಿಯೂ ಬರುತ್ತಿತ್ತು. ಆಗ ಹೊನ್ನೂರಪ್ಪ ಕಚೇರಿಗೆ ಅಲೆದು, ತನ್ನ ಪರವಾಗಿ ಬಂದೂಕು ಹಿಡಿಯುವವಳೆಂದು ಹೆಂಡತಿಯ ಹೆಸರನ್ನು ಲೈಸೆನ್ಸಿನಲ್ಲಿ ಸೇರಿಸಿಕೊಂಡು ಬಂದರು. ಬೆಳೆ ಕಾಯುವ ಲೈಸೆನ್ಸಿಗೆ ಅಂಥ ಅವಕಾಶವಿದೆ. ಅಲ್ಲಿಂದ ಮುಂದೆ ಬೆಳಗಿನ ಜಾವ ಗದ್ದೆಯ ಬದುವಿನ ಮೇಲೆ ನಿಂತು ಬಂದೂಕು ಹಾರಿಸುತ್ತಿದ್ದವರು ಊರಮ್ಮ. ಗುಂಡು ಹಾಕುತ್ತಿರಲಿಲ್ಲ, ಬರೀ ಮದ್ದು. ಸದ್ದಿಗೆ ಹಂದಿಗಳು ಗುಡ್ಡ ಸೇರುತ್ತಿದ್ದವು. ಹಾರಿಸಿದ ದಿನ ತಪ್ಪದೆ ನಳಿಗೆಗೆ ಬಿಸಿನೀರು ಹೊಯ್ದು, ಒರೆಸಿ, ಎಣ್ಣೆ ಹಚ್ಚಿ ಇಡುತ್ತಿದ್ದರು. ಗಂಡ ಸತ್ತ ದಿನಕ್ಕೆ ಆ ಅಧಿಕಾರವೂ ಮುಗಿದಿತ್ತು. ಮಾಲೀಕನೇ ಇಲ್ಲದ ಮೇಲೆ ಅವನ ಪರವಾಗಿ ಹಿಡಿಯುವುದೆಲ್ಲಿ ಬಂತು?

ಠಾಣೆಯಲ್ಲಿ ರಸೀದಿ ಪಡೆದು ಹೊರಗೆ ಬಂದಾಗ ಊರಮ್ಮ ಕೇಳಿದರು. "ನನ್ನ ಹೆಸರ್ಲೆ ಲೈಸೆನ್ಸ್ ಆಗಾಕ ಏನು ಮಾಡ್ಬೇಕ್ರಿ?"

ಕಾನೂನಿನಲ್ಲಿ ತೊಡಕೇನೂ ಇಲ್ಲ. ವಾರಸುದಾರರಲ್ಲಿ ಒಬ್ಬರು ಅರ್ಜಿ ಹಾಕಬಹುದು, ಉಳಿದವರು ಒಪ್ಪಬೇಕು. ಊರಮ್ಮನಿಗೆ ಒಬ್ಬಳೇ ಮಗಳು ಪಲ್ಲವಿ, ಬಳ್ಳಾರಿಯಲ್ಲಿ ನರ್ಸ್. ಅವಳು ರಜೆ ಹಾಕಿ ಬಂದು ಸಹಿ ಮಾಡಿಕೊಟ್ಟಳು. ನಾನು ಅರ್ಜಿ ಸಿದ್ಧಮಾಡುತ್ತಿದ್ದಾಗಲೇ ಬೇರೊಂದು ದಾರಿ ಎದುರಿಗೆ ಬಂತು.

ಮನೋಹರ್ ಎಂಬುವರು ಹೊಳೆಯ ಆಚೆ ಪ್ರವಾಸಿಗರಿಗೆ ವಸತಿಗೃಹ ನಡೆಸುತ್ತಾರೆ. ಹಳೆಯ ಬಾಗಿಲು, ಹಿತ್ತಾಳೆಯ ಕೊಪ್ಪರಿಗೆ, ಎತ್ತಿನ ಗಾಡಿಯ ಚಕ್ರ, ಇಂಥವನ್ನೆಲ್ಲ ಕೂಡಿಹಾಕುವ ಹವ್ಯಾಸ. ಬಂದೂಕಿನ ಸುದ್ದಿ ಅವರಿಗೆ ಹೇಗೋ ಮುಟ್ಟಿತ್ತು. ಅದನ್ನು ಕೊಳ್ಳಲೆಂದು ಒಂದು ದಿನ ಊರಮ್ಮನ ಮೈದುನ ಭರಮಣ್ಣನನ್ನು ಕರೆದುಕೊಂಡು ನನ್ನ ಆಫೀಸಿಗೆ ಬಂದರು. ಊರಮ್ಮನೂ ಅಲ್ಲೇ ಇದ್ದರು. ಭರಮಣ್ಣ ಸಂಡೂರಿನ ಗಣಿಯಲ್ಲಿ ಬಹಳ ವರ್ಷ ದುಡಿದು ಊರಿಗೆ ಮರಳಿದವರು. ಅವರ ಗದ್ದೆ ಊರಮ್ಮನ ಗದ್ದೆಗೆ ಹೊಂದಿಕೊಂಡೇ ಇದೆ.

"ಮೇಡಂ, ಅದು ನೂರು ವರ್ಷದ ಮೇಲಿನ ವಸ್ತು. ಆಂಟಿಕ್. ಅದಕ್ಕೆ ಲೈಸೆನ್ಸ್ ಬೇಕಿಲ್ಲ, ಸುಮ್ಮನೆ ಅಲೆದಾಡಿಸ್ತಿದ್ದೀರಿ" ಅಂದರು ಮನೋಹರ್.

ಬಹಳ ಜನ ಹೀಗೇ ತಿಳಿದಿದ್ದಾರೆ. ಬಂದೂಕು ಹಳೆಯದಾದ ಮಾತ್ರಕ್ಕೆ ಕಾನೂನು ಅದನ್ನು ಬಿಡುವುದಿಲ್ಲ. ಹಳೆಯ ಕಾಲದ್ದಾಗಿದ್ದು, ರಿಪೇರಿ ಮಾಡಿದರೂ ಹಾರದಂಥ ಸ್ಥಿತಿಯಲ್ಲಿದ್ದರೆ ಮಾತ್ರ ಲೈಸೆನ್ಸ್ ಬೇಕಿಲ್ಲ. ನಾನು ಅದನ್ನೇ ಹೇಳಿದೆ.

"ಹಾರೋದಿಲ್ಲ ಅಂತ ಬರೆಸಿದರಾಯ್ತು. ನೂರು ವರ್ಷದ ಬಂದೂಕು, ಯಾರು ಹಾರಿಸಿ ನೋಡ್ತಾರೆ?"

"ಅದು ಹಾರ್ತೈತ್ರಿ" ಅಂದರು ಊರಮ್ಮ. "ಹಾರೋದನ್ನ ಹಾರಂಗಿಲ್ಲ ಅಂತ ಹೆಂಗ ಬರಸ್ತೀರಿ?"

ಮನೋಹರ್ ಕೆಟ್ಟವರಲ್ಲ. ಮುಖ ಸಣ್ಣದು ಮಾಡಿಕೊಂಡು, ಹಾಗಾದರೆ ನ್ಯಾಯವಾಗಿಯೇ ಮಾಡೋಣ ಎಂದರು. ಇಲಾಖೆಯ ಒಪ್ಪಿಗೆ ಪಡೆದು ನಳಿಗೆಗೆ ತೂತು ಕೊರೆಸಿ, ಬಾಯಿ ಬೆಸುಗೆ ಹಾಕಿಸಿದರೆ ಅದು ಎಂದೂ ಹಾರುವುದಿಲ್ಲ. ಬಂದೂಕು ಅಂದವಾಗಿ ಗೋಡೆಯ ಮೇಲಿರುತ್ತದೆ, ದೇಶವಿದೇಶದ ಜನ ನೋಡುತ್ತಾರೆ. ನಿಜ ಹೇಳಬೇಕೆಂದರೆ ನನಗೂ ಅದೇ ಸುಲಭ ಅನ್ನಿಸಿತು. ಈ ವಯಸ್ಸಿನಲ್ಲಿ ಊರಮ್ಮ ಯಾಕೆ ಕಚೇರಿಯ ಕಂಬ ಸುತ್ತಬೇಕು? ಹಾಗೆಂದು ಹೇಳಿಯೂ ಬಿಟ್ಟೆ.

ಊರಮ್ಮ ಮನೋಹರ್ ಕಡೆ ತಿರುಗಿದರು. "ಬಂದ ಮಂದಿ ಇದು ಯಾರ್ದು ಅಂತ ಕೇಳಿದ್ರ ಏನು ಹೇಳ್ತೀರಿ?"

"ವಿಜಯನಗರದ ಕಾಲದ್ದು ಅಂದ್ರೆ ಅವರಿಗೆ ಖುಷಿ" ಎಂದು ಮನೋಹರ್ ನಕ್ಕರು.

"ಅದು ರಾಜರ್ದಲ್ರಿ. ನಮ್ಮ ಮಾವನ ಅಪ್ಪ ಹಂದಿ ಕಾಯಾಕ ಇಟ್ಕೊಂಡಿದ್ದು." ಆಮೇಲೆ ನನ್ನ ಕಡೆ ನೋಡಿ ಅಂದರು. "ತೂತು ಹೊಡದ ಮ್ಯಾಲೆ ಅದು ಕಬ್ಬಣ ಆಗ್ತೈತಿ ವಕೀಲಮ್ಮಾರ. ಹಂದಿ ಬಾಳಿ ತ್ವಾಟಕ್ಕ ಬಿದ್ರ ಗ್ವಾಡಿ ಮ್ಯಾಲಿನ ಕಬ್ಬಣ ಏನು ಮಾಡ್ತೈತಿ? ಅರ್ಜಿ ಹಾಕ್ರಿ ನೀವು."

ಆಗ ಭರಮಣ್ಣ ಬಾಯಿ ತೆರೆದರು. "ಅತ್ತಿಗಿ, ಅಣ್ಣ ಇದ್ದಾಗಿನ ಮಾತು ಬ್ಯಾರೆ. ಒಂಟಿ ಹೆಣಮಗಳ ಮನ್ಯಾಗ ಬಂದೂಕು ಇರಬಾರ್ದು. ನಾನು ಒಪ್ಪಂಗಿಲ್ಲ."

"ನಿನ್ನ ಒಪ್ಪಿಗಿ ಕಾನೂನು ಕೇಳಂಗಿಲ್ಲ ಭರಮಣ್ಣ. ಆದ್ರೂ ನೀ ಒಪ್ಪಿದ್ರ ನನಗ ಚಲೋ ಅನ್ನಿಸ್ತಿತ್ತು."

ಭರಮಣ್ಣ ಎದ್ದು ಹೋದರು. ಮುಂದಿನ ವಾರ ಕಚೇರಿಗೆ ತಕರಾರು ಅರ್ಜಿ ಕೊಟ್ಟರೆಂದು ತಿಳಿಯಿತು.

ನಾವು ನಮ್ಮ ಕೆಲಸ ಮಾಡಿದೆವು. ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣು, ಕಿವಿ, ಮನಸ್ಸಿನ ಪರೀಕ್ಷೆ ಆಯಿತು. ಬಂದೂಕನ್ನು ಸುರಕ್ಷಿತವಾಗಿ ಬಳಸುವ ತರಬೇತಿ ಪಡೆದ ಪ್ರಮಾಣಪತ್ರವೂ ಬೇಕಿತ್ತು. ತರಬೇತಿ ಕೊಡುತ್ತಿದ್ದವರು ಮೂಕಣ್ಣ, ಪೊಲೀಸ್ ಇಲಾಖೆಯಲ್ಲಿ ಆಯುಧಗಳ ರಿಪೇರಿ ನೋಡಿಕೊಂಡಿದ್ದು ನಿವೃತ್ತರಾದವರು. ಅಲ್ಲಿಗೆ ಬರುವವರೆಲ್ಲ ಪಿಸ್ತೂಲಿನ ಲೈಸೆನ್ಸ್ ಬೇಕಾದ ಗುತ್ತಿಗೆದಾರರು, ಕ್ರಷರ್ ಮಾಲೀಕರು. ಅವರ ನಡುವೆ ಇಳಕಲ್ ಸೀರೆಯ ಊರಮ್ಮ ಮುಂದಿನ ಬೆಂಚಿನಲ್ಲಿ ಕೂತರು.

ಮೂಕಣ್ಣ ಮೊದಲ ದಿನವೇ ಅವರನ್ನು ಕೇಳಿದರಂತೆ. "ಮದ್ದು ಎಲ್ಲಿಡ್ತಿದ್ರಿ ಅಮ್ಮಾ?"

"ಒಲಿ ಮ್ಯಾಲಿನ ಗೂಡಿನಾಗ್ರಿ. ಥಂಡಿ ಹಿಡೀಬಾರ್ದಲ್ಲ."

ಮೂಕಣ್ಣನ ಮುಖದ ಬಣ್ಣವೇ ಹೋಯಿತಂತೆ. ಒಲೆಯ ಒಂದು ಕಿಡಿ ಹಾರಿದ್ದರೆ ಮನೆಯೇ ಇರುತ್ತಿರಲಿಲ್ಲ ಎಂದು ಎಲ್ಲರೆದುರು ಗದರಿಸಿದರು. ಬೇರೆ ಯಾರಾದರೂ ಆಗಿದ್ದರೆ ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಎಂದು ವಾದಿಸುತ್ತಿದ್ದರು. ಊರಮ್ಮ ಮಾತ್ರ ತಲೆ ತಗ್ಗಿಸಿ, "ನನ್ನ ಮಗಳು ಆ ಒಲಿ ಮುಂದ ಕುಂತು ಓದ್ತಿದ್ಳ್ರಿ" ಎಂದರು. ಆಮೇಲೆ ಮದ್ದು ಎಲ್ಲಿಡಬೇಕು, ಎಂಥ ಪೆಟ್ಟಿಗೆ, ಎಷ್ಟು ದೂರ ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡರು. ಊರಿಗೆ ಹೋದವರೇ ಗಾರೆಯವನನ್ನು ಕರೆಸಿ ಹಿತ್ತಿಲ ಮೂಲೆಯಲ್ಲಿ, ಅಡುಗೆಮನೆಯಿಂದ ದೂರದಲ್ಲಿ, ಕಬ್ಬಿಣದ ಬಾಗಿಲಿನ ಗೂಡು ಕಟ್ಟಿಸಿದರು. ಲೈಸೆನ್ಸ್ ಸಿಗುತ್ತದೋ ಇಲ್ಲವೋ ಎಂಬುದೇ ಗೊತ್ತಿಲ್ಲದ ಹೊತ್ತಿನಲ್ಲಿ. ಪರಿಶೀಲನೆಗೆ ಹೋದ ವೀರೇಶ್ ಅದನ್ನು ನೋಡಿ ನನಗೆ ಫೋನ್ ಮಾಡಿ ಹೇಳಿದರು.

ಆ ವರ್ಷ ಬಂದೂಕಿನ ಸದ್ದಿಲ್ಲದೆ ಹಂದಿಗಳಿಗೆ ಹಬ್ಬವಾಯಿತು. ಪಟಾಕಿ ಹೊಡೆದರೆ ನಾಲ್ಕು ದಿನ ಹೆದರಿ ಐದನೆಯ ದಿನ ಬರುತ್ತಿದ್ದವು. ಕೆಲವರು ಬೇಲಿಗೆ ಕರೆಂಟ್ ತಂತಿ ಬಿಡತೊಡಗಿದರು. ಪಕ್ಕದ ಊರಿನಲ್ಲಿ ಹಾಗೆ ಬಿಟ್ಟ ತಂತಿಗೆ ಒಂದು ಎತ್ತು ಸಿಕ್ಕಿ ಸತ್ತಿತು. ಊರಮ್ಮ ತಂತಿ ಬಿಡಲಿಲ್ಲ. ಬೆಳಗಿನ ಜಾವ ಎದ್ದು, ಎಣ್ಣೆಯ ಖಾಲಿ ಡಬ್ಬಿ ಬಡಿಯುತ್ತ ಬದುವಿನ ಮೇಲೆ ಓಡಾಡಿದರು. ತಮ್ಮ ಬದು ಮುಗಿದ ಮೇಲೆ ಭರಮಣ್ಣನ ಬದುವಿಗೂ ಹೋಗುತ್ತಿದ್ದರು. ಭರಮಣ್ಣನಿಗೆ ಗಣಿಯ ಧೂಳಿನಿಂದ ದಮ್ಮು, ಚಳಿಯಲ್ಲಿ ಹೊರಗೆ ಬರಲಾರರು. ಇಬ್ಬರಿಗೂ ಮಾತು ಬಿಟ್ಟಿತ್ತು. ಆದರೂ ಡಬ್ಬಿಯ ಸದ್ದು ಎರಡೂ ಹೊಲಗಳಲ್ಲಿ ಕೇಳುತ್ತಿತ್ತು. ಇದನ್ನು ನನಗೆ ಪಲ್ಲವಿ ಹೇಳಿದಳು. ಊರಮ್ಮನ ಬಾಯಿಂದ ಒಂದು ಮಾತೂ ಬರಲಿಲ್ಲ.

ಕೊನೆಗೆ ಜಿಲ್ಲಾ ಕಚೇರಿಯಿಂದ ವಿಚಾರಣೆಗೆ ಕರೆ ಬಂತು. ಪೊಲೀಸ್ ವರದಿ ಊರಮ್ಮನ ಪರವಾಗಿತ್ತು, ಭರಮಣ್ಣನ ತಕರಾರು ವಿರುದ್ಧವಾಗಿತ್ತು. ಇಬ್ಬರನ್ನೂ ಕೇಳಿ ತೀರ್ಮಾನಿಸುತ್ತೇವೆಂದು ಅಧಿಕಾರಿ ಹೇಳಿದ್ದರು. ಆ ಅಧಿಕಾರಿ ಮಧ್ಯವಯಸ್ಸಿನವರು, ಮಾತು ಕಡಿಮೆ, ಕಡತವನ್ನು ಮೊದಲೇ ಓದಿಕೊಂಡು ಬಂದಿದ್ದರು.

"ಹಂದಿ ಹೊಡೆಯೋದು ಅಪರಾಧ, ಗೊತ್ತಾ ಅಮ್ಮಾ?"

"ಗೊತ್ತೈತ್ರಿ ಸಾಹೇಬ್ರ. ನಾನು ಒಂದನ್ನೂ ಹೊಡೆದಿಲ್ಲ. ಅದರೊಳಗ ಗುಂಡು ಹಾಕಿದ್ದೇ ಇಲ್ಲ."

"ಹಾಗಿದ್ರೆ ಬಂದೂಕೇ ಯಾಕೆ? ಎಲ್ಲರೂ ತಂತಿ ಬೇಲಿ ಹಾಕ್ಕೋತಿದ್ದಾರೆ."

"ಬಂದೂಕು ಸದ್ದು ಮಾಡಿ ಓಡಸ್ತೈತ್ರಿ. ಕರೆಂಟಿನ ತಂತಿ ಸದ್ದಿಲ್ದ ಕೊಲ್ತೈತಿ. ಹಂದಿ ಅನ್ನಂಗಿಲ್ಲ, ಎತ್ತು ಅನ್ನಂಗಿಲ್ಲ, ಮನಶಾ ಅನ್ನಂಗಿಲ್ಲ."

ಅಧಿಕಾರಿ ಪೆನ್ನು ಕೆಳಗಿಟ್ಟರು. "ನಿಮ್ಮ ಮೈದುನನಿಗೂ ನಿಮಗೂ ಜಗಳ ಇದೆ. ನಾಳೆ ಸಿಟ್ಟು ನೆತ್ತಿಗೇರಿದರೆ? ಕೈಯಲ್ಲಿ ಬಂದೂಕು ಇರುತ್ತೆ."

ನಾನು ಉತ್ತರಿಸಲು ಎದ್ದೆ. ಊರಮ್ಮ ಕೈಸನ್ನೆ ಮಾಡಿ ಕೂರಿಸಿದರು.

"ಸಿಟ್ಟು ಐತ್ರಿ. ಇಲ್ಲ ಅಂದ್ರ ಸುಳ್ಳಾಗ್ತೈತಿ. ಆತನ ಕೂಡ ಮಾತು ಬಿಟ್ಟು ಭಾಳ ದಿನ ಆತು. ಆದ್ರ ಬಂದೂಕು ಹಿಡಿದಾಗ ಹಂದಿ ಎಲ್ಲೈತಿ, ಮನಶಾರು ಎಲ್ಲದಾರ, ಇಷ್ಟ ನೋಡ್ತೀನಿ. ಸಿಟ್ಟು ಮನ್ಯಾಗ ಬಿಟ್ಟು ಹೋಗ್ತೀನ್ರಿ. ನೀವು ಬ್ಯಾಡ ಅಂದ್ರ ಬ್ಯಾಡ. ಠಾಣ್ಯಾಗಿರೋ ಬಂದೂಕು ಅಲ್ಲೇ ಇರ್ಲಿ, ನಾನು ಡಬ್ಬಿ ಬಡ್ಕೋತೀನಿ."

ಅಧಿಕಾರಿ ಭರಮಣ್ಣನನ್ನು ಕರೆದರು. ಭರಮಣ್ಣ ಟವೆಲ್ಲನ್ನು ಹೆಗಲಿಂದ ಕೈಗೆ ತೆಗೆದುಕೊಂಡು ನಿಂತರು.

"ನಿಮ್ಮ ತಕರಾರು ಹಾಗೇ ಇದೆಯಾ?"

"ಐತ್ರಿ. ಹೆಣಮಕ್ಕಳ ಹೆಸರ್ಲೆ ಬಂದೂಕು ನಮ್ಮ ಮನಿತನದಾಗ ಇಲ್ರಿ."

"ಇವರು ಬಂದೂಕನ್ನ ಎಂದಾದರೂ ತಪ್ಪಾಗಿ ಬಳಸಿದ್ದು ನೋಡಿದ್ದೀರಾ? ಯಾರಿಗಾದರೂ ತೋರಿಸಿ ಹೆದರಿಸಿದ್ದು?"

ಭರಮಣ್ಣ ಕೈಯ ಟವೆಲ್ಲನ್ನು ಮಡಚಿದರು. ಒಂದು ಸುಳ್ಳು ಹೇಳಿದ್ದರೆ ಅವರ ಕೆಲಸ ಆಗುತ್ತಿತ್ತು.

"ಇಲ್ರಿ" ಅಂದರು. ತಾವೇ ಮುಂದುವರಿಸಿದರು. "ಸುಳ್ಳು ಹೇಳಂಗಿಲ್ರಿ. ಅಣ್ಣನ ಕಣ್ಣು ಹೋದ ಮ್ಯಾಲೆ ಅತ್ತಿಗಿನೇ ನಮ್ಮ ಎರಡೂ ಹೊಲ ಕಾದಾಳ್ರಿ. ಆಕಿ ಬದುವಿನ ಮ್ಯಾಲೆ ಅದಾಳ ಅಂದ್ರ ನಾನು ನಿಶ್ಚಿಂತಿ ಮಲಗತಿದ್ದೆ. ಈ ವರ್ಷ ಡಬ್ಬಿ ಬಡದದ್ದೂ ನನ್ನ ಹೊಲದಾಗ ಕೇಳೇತ್ರಿ. ತಕರಾರು ನಂದು ಐತಿ, ಆದ್ರ ಆಕಿ ಮ್ಯಾಲೆ ಅಲ್ಲ. ಮನಿತನದ ರೀತಿ ಹಿಂಗ ಇಲ್ಲಂತ, ಅಷ್ಟ."

"ಮನೆತನದ ರೀತಿಯನ್ನ ನೋಡಿ ಲೈಸೆನ್ಸ್ ಕೊಡುವ ಅಥವಾ ಬಿಡುವ ಅಧಿಕಾರ ನನಗಿಲ್ಲ ಭರಮಣ್ಣ" ಎಂದರು ಅಧಿಕಾರಿ. ಸ್ವರ ಮೃದುವಾಗಿತ್ತು. "ನಾನು ನೋಡಬೇಕಾದದ್ದು ಇವರ ಕೈಯಲ್ಲಿ ಅದು ಸುರಕ್ಷಿತವಾ ಅಂತ. ಅದನ್ನ ನೀವೇ ಹೇಳಿದ್ರಿ."

ಊರಮ್ಮ ಮೈದುನನ ಕಡೆ ನೋಡುತ್ತಿದ್ದರು. ಅವರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ.

ಲೈಸೆನ್ಸ್ ಬರಲು ಇನ್ನೂ ಸ್ವಲ್ಪ ಕಾಲ ಹಿಡಿಯಿತು. ಬಂತು. ಬೆಳೆ ಕಾಯಲು ಮಾತ್ರ, ಬುಕ್ಕಸಾಗರದ ಆ ಗದ್ದೆಗಳ ಮಿತಿಯಲ್ಲಿ ಮಾತ್ರ, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಬೇಕು ಎಂದೆಲ್ಲ ಷರತ್ತುಗಳು. ಬಂದೂಕು ಬಿಡಿಸಿಕೊಳ್ಳಲು ಹೋದ ದಿನ ಠಾಣೆಯಲ್ಲಿ ಕೆಲಸ ಬಿಟ್ಟು ಎಲ್ಲರೂ ನೋಡಲು ನಿಂತರು. ವೀರೇಶ್ ಎರಡು ಕೈಯಲ್ಲಿ ಹಿಡಿದು ಕೊಟ್ಟರು. ಊರಮ್ಮ ತೆಗೆದುಕೊಂಡವರೇ ನಳಿಗೆಯನ್ನು ಜನರಿಲ್ಲದ ಗೋಡೆಯ ಕಡೆ ತಿರುಗಿಸಿ, ಗಜ ಇಳಿಸಿ ಒಳಗೆ ಏನೂ ಇಲ್ಲವೆಂದು ನೋಡಿ, ಆಮೇಲೆ ಚೀಲಕ್ಕೆ ಹಾಕಿದರು. "ನಮ್ಮ ಹುಡುಗರೂ ಇಷ್ಟು ನೋಡಲ್ಲ" ಎಂದು ವೀರೇಶ್ ನನ್ನ ಕಿವಿಯಲ್ಲಿ ಹೇಳಿದರು.

ಮುಂದಿನ ಸುಗ್ಗಿಗೆ ಸ್ವಲ್ಪ ಮೊದಲು ಪಲ್ಲವಿ ಕರೆದಳೆಂದು ನಾನು ಬುಕ್ಕಸಾಗರಕ್ಕೆ ಹೋಗಿ ಅವರ ಮನೆಯಲ್ಲಿ ಉಳಿದೆ. ಬೆಳಕು ಹರಿಯುವ ಹೊತ್ತಿಗೆ ಊರಮ್ಮ ನನ್ನನ್ನು ಗದ್ದೆಗೆ ಕರೆದೊಯ್ದರು. ಬಾಳೆತೋಟದ ಆಚೆ ಗುಡ್ಡದ ಬಂಡೆಗಳು ಮಂಜಿನಲ್ಲಿ ಅರ್ಧ ಮುಳುಗಿದ್ದವು. ಊರಮ್ಮ ನನ್ನನ್ನು ತಮ್ಮ ಹಿಂದೆ ನಿಲ್ಲಿಸಿ, ಎರಡೂ ಕಡೆ ನೋಡಿ, "ಯಾರದೀರಿ ಅಲ್ಲಿ?" ಎಂದು ಕೂಗಿದರು. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೂಗಿ, ಕಾದು, ಆಮೇಲೆ ಆಕಾಶಕ್ಕೆ ಹಾರಿಸಿದರು. ಗುಡ್ಡದಿಂದ ಗುಡ್ಡಕ್ಕೆ ಸದ್ದು ಉರುಳಿಕೊಂಡು ಹೋಯಿತು. ಬಾಳೆಯ ಬುಡದಲ್ಲಿ ಗುರುಗುಟ್ಟಿ, ನಾಲ್ಕಾರು ಕಪ್ಪು ಬೆನ್ನುಗಳು ಕಾಲುವೆ ದಾಟಿ ಓಡಿದವು.

ಸ್ವಲ್ಪ ಹೊತ್ತಿಗೆ ಭರಮಣ್ಣ ಕಂಬಳಿ ಹೊದ್ದು, ಕೆಮ್ಮುತ್ತ, ಸ್ಟೀಲಿನ ಕ್ಯಾನಿನಲ್ಲಿ ಚಹಾ ಹಿಡಿದು ಬದುವಿನ ಮೇಲೆ ಬಂದರು.

"ಈ ಥಂಡ್ಯಾಗ ನೀ ಯಾಕ ಬಂದಿ?" ಎಂದು ಊರಮ್ಮ ಗದರಿದರು.

"ಮನ್ಯಾಗ ಚಾ ಮಾಡಿದ್ರು. ನಿಮಗೂ ತಂದೆ. ವಕೀಲಮ್ಮಾರ, ಕುಂದ್ರಿ."

ಬಂದೂಕನ್ನು ಚೀಲದ ಮೇಲೆ ಮಲಗಿಸಿ ಊರಮ್ಮ ಬದುವಿನ ಮೇಲೆ ಕೂತರು. ಭರಮಣ್ಣ ಮೊದಲ ಲೋಟವನ್ನು ಅವರಿಗೇ ಕೊಟ್ಟರು. ಯಾವ ಮಡಿಯಲ್ಲಿ ಮೊದಲು ಕೊಯ್ಲು ಶುರುಮಾಡಬೇಕು, ಯಂತ್ರ ಎಂದು ಬರುತ್ತದೆ ಎಂದು ಅತ್ತಿಗೆ ಮೈದುನ ಮಾತಿಗೆ ಬಿದ್ದರು. ನಾನು ಚಹಾ ಕುಡಿಯುತ್ತ ಕೇಳುತ್ತ ಕೂತೆ.